ಮೂಗಿಗಿಂತ ಮೂಗುತಿ ಭಾರ: ಕೊನೆಗೂ ಸೊನ್ನೆ ಸಿಕ್ಕಿತು

ನಿನ್ನೆ ರಾತ್ರಿ ನನ್ನ ಪ್ರೋಗ್ರಾಂನಲ್ಲಿ ಹನ್ನೆರಡಕ್ಕೆ ಹನ್ನೆರಡೂ ವೈದ್ಯಕೀಯ ವಿಮೆಯ ಕ್ಲೇಮ್ ಪಾಸಾದವು. ಮೂರು ವಾರಾಂತ್ಯ ನುಂಗಿದ ತಪ್ಪು ನಾನೇ ಬರೆದ ಒಂದೇ ಸಾಲಿನಲ್ಲಿ ಕೂತಿತ್ತು. ಕಂಕುಳಲ್ಲಿ ಮಗು ಇಟ್ಕೊಂಡು ಊರೆಲ್ಲಾ ಹುಡುಕಿದ ಹಾಗಾಯ್ತು.

ಸ್ಕ್ರಬ್ಬರ್ ಗೊತ್ತಲ್ವಾ, ಅಮೆರಿಕದ ಕ್ಲೇಮ್‌ಗಳನ್ನು ಕಳಿಸುವ ಮೊದಲೇ ತಪ್ಪು ಹಿಡಿಯುವ ನನ್ನ ಹವ್ಯಾಸದ ಪ್ರೋಗ್ರಾಂ. ಫೈಲ್ ಓದೋದು, ತಾರೀಖು ನೋಡೋದು ಎಲ್ಲಾ ಯಾವಾಗಲೋ ಮುಗಿದಿತ್ತು. ಪರೀಕ್ಷೆಗೆ ಹನ್ನೆರಡು ಸುಳ್ಳು ರೋಗಿಗಳನ್ನು ಹುಟ್ಟಿಸಿದ್ದೆ. ಎಲ್ಲರಿಗೂ ಒಂದೇ ಕಾಯಿಲೆ, ಮೂಗಿನ ವಾಲ್ವ್ ಕುಸಿತ, ಅಂದರೆ ಮೂಗಿನಲ್ಲಿ ಗಾಳಿ ಹೋಗುವ ಇಕ್ಕಟ್ಟಾದ ಸಂದಿ ಕುಸಿದು ಉಸಿರಿಗೆ ಅಡ್ಡ ಬರೋದು.

ಇದೇ ಯಾಕೆ ಅಂದರೆ, ಈ ಕೋಡ್‌ಗಳು ಹೊಸವು. ಮೊದಲು ಇದಕ್ಕೆ ಸ್ವಂತ ಐಸಿಡಿ ಕೋಡ್ (ಕ್ಲೇಮ್‌ನಲ್ಲಿ ಕಾಯಿಲೆ ಗುರುತಿಸುವ ಕೋಡ್) ಇರಲಿಲ್ಲ. ಹೆಚ್ಚಿನವರು ಜೆ34.89 ಅನ್ನುವ 'ಇತರೆ' ಮೂಟೆಗೆ ತುರುಕುತ್ತಿದ್ದರು. 2024ರ ಅಕ್ಟೋಬರ್ 1ರಿಂದ ಜೆ34.82 ಅಂತ ಒಂದು ಮನೆಯೇ ಎದ್ದಿತು. ಒಳ ವಾಲ್ವ್‌ಗೆ ಜೆ34.820, ಹೊರ ವಾಲ್ವ್‌ಗೆ ಜೆ34.821. ಅದರ ಮೇಲೆ ಇನ್ನೊಂದು ಅಂಕಿ: ಯಾವ ಬಗೆ ಅಂತ ಬರೆದಿಲ್ಲದಿದ್ದರೆ 0, ಸ್ಟ್ಯಾಟಿಕ್ (ಯಾವಾಗಲೂ ಇಕ್ಕಟ್ಟು) ಆದರೆ 1, ಡೈನಾಮಿಕ್ (ಉಸಿರು ಎಳೆದಾಗ ಕುಸಿಯೋದು) ಆದರೆ 2. ಒಳಗೋ ಹೊರಗೋ ಅನ್ನೋದೇ ಗೊತ್ತಿಲ್ಲದಿದ್ದರೆ ಜೆ34.829. ಒಂದು ಮೂಗಿನ ಸಂದಿಗೆ ಏಳು ಅಕ್ಷರದ ಕೋಡ್! ಗಾದೆ ಮಾಡಿದವರಿಗೆ ಇದು ಮೊದಲೇ ಗೊತ್ತಿತ್ತು ಅನ್ಸುತ್ತೆ.

ಈಗ ತಲೆನೋವಿನ ವಿಷಯ. ಜೆ34 ಬಿಟ್ಟು ಉಳಿದ ಅಂಕಿ ಮಾತ್ರ ಹೇಳ್ತೀನಿ: 8201, 8202, 8211, 8212 ಎಲ್ಲಾ ಪಾಸ್. 8200 ಮತ್ತು 8210 ಮಾತ್ರ ಫೇಲ್. ಸಂದೇಶ ಒಂದೇ: 'ಇದು ಹೆಡರ್ ಕೋಡ್, ಬಿಲ್ ಮಾಡಲಾಗದು.' ಹೆಡರ್ ಅಂದರೆ ಕೆಳಗಿನ ಕೋಡ್‌ಗಳ ಗುಂಪಿಗೆ ಬರೀ ತಲೆಬರಹ. ಎರಡೂ 'ಅನ್‌ಸ್ಪೆಸಿಫೈಡ್' (ಬಗೆ ಹೇಳದ) ಕೋಡ್ ತಾನೆ, ನಾನು ಆ ಪದಕ್ಕೆ ಬರೆದಿದ್ದ ಎಚ್ಚರಿಕೆಯ ನಿಯಮವೇ ಕಳ್ಳ ಅಂದುಕೊಂಡೆ. ಅದನ್ನು ಆಫ್ ಮಾಡಿದೆ. ಅದೇ ಸಂದೇಶ. ತಾರೀಖಿನ ತಪ್ಪಿರಬಹುದು ಅಂತ ಎಲ್ಲಾ ರೋಗಿಗಳನ್ನೂ 2025ಕ್ಕೆ ಸಾಗಿಸಿದೆ. ಮತ್ತೆ ಅದೇ. ಮೊದಲ ವಾರಾಂತ್ಯ ಹೀಗೇ ಹೋಯ್ತು. ಎರಡನೆಯದು ಎಚ್ಚರಿಕೆಯ ನಿಯಮವನ್ನು ಪೂರ್ತಿ ಹೊಸದಾಗಿ ಬರೆಯೋದರಲ್ಲಿ. ಹೊಸದು ಹಳೆಯದಕ್ಕಿಂತ ಚೆನ್ನಾಗಿದೆ, ಉಪಯೋಗ ಮಾತ್ರ ಸೊನ್ನೆ.

ಸುಳಿವು ಕೊಟ್ಟಿದ್ದು ಜೆ34.829. ಅದೂ ಅನ್‌ಸ್ಪೆಸಿಫೈಡ್, ಆದರೆ ಆರಾಮಾಗಿ ಪಾಸಾಗುತ್ತಿತ್ತು! ಹಾಗಾದರೆ ತೊಂದರೆ ಪದದಲ್ಲಿಲ್ಲ, ಅಂಕಿಯಲ್ಲಿದೆ. ಪ್ರತಿ ಹಂತದಲ್ಲೂ ಕೋಡನ್ನು ಎರಡು ಗೆರೆಗಳ ನಡುವೆ ಪ್ರಿಂಟ್ ಮಾಡಿಸಿದೆ. ಒಳಗೆ ಹೋಗುವಾಗ |ಜೆ348200|. ಶುಚಿ ಮಾಡುವ ಫಂಕ್ಷನ್ ದಾಟಿದ ಮೇಲೆ |ಜೆ34820|. ಎಣಿಸಿದೆ. ಆರು. ಇನ್ನೊಮ್ಮೆ ಎಣಿಸಿದೆ. ಆರೇ.

ಆ ಫಂಕ್ಷನ್ ಬರೆದವನು ನಾನೇ. ಬರೆಸಿದ್ದು ಮಾತ್ರ ದುಡ್ಡು ಕೊಟ್ಟು ತಂದ ಕೋಡ್ ಪಟ್ಟಿ. ಮೂಗಿನ ಮೂಳೆ ಮುರಿತದ ಕೋಡ್ ನೋಡಿ: ಎಸ್02.2, ಆಮೇಲೆ ಜಾಗ ತುಂಬಲು ಎರಡು ಎಕ್ಸ್, ಕೊನೆಗೆ ಚಿಕಿತ್ಸೆಯ ಯಾವ ಹಂತದ ಭೇಟಿ ಅಂತ ಹೇಳುವ ಎ, ಡಿ ಥರದ ಒಂದು ಅಕ್ಷರ. ಆ ಅಕ್ಷರದ ಜಾಗವನ್ನು ಖಾಲಿ ಬಿಡೋದು ಬಿಟ್ಟು ಈ ಮಾರಾಟಗಾರರು ಸೊನ್ನೆ ತುಂಬಿದ್ದರು. ಅದಕ್ಕೇ ನಾನು ಕಳೆದ ವರ್ಷ 'ಏಳನೆಯದು ಸೊನ್ನೆಯಾದರೆ ಕಿತ್ತು ಹಾಕು' ಅಂತ ಬರೆದಿದ್ದೆ, ಎಸ್ ಕೋಡ್‌ಗಳಿಗೆ ಮಾತ್ರ ಅನ್ನೋ ಷರತ್ತೇ ಇಲ್ಲದೆ. ಏಳನೆಯದು ಯಾವಾಗಲೂ ಭೇಟಿಯ ಬಗೆ ಹೇಳುವ ಅಕ್ಷರ ಅನ್ನೋ ಗುಂಗಿನಲ್ಲಿದ್ದೆ. ಸೊನ್ನೆ ಹೋದ ಮೇಲೆ ಉಳಿಯೋದು ಜೆ34.820. ಅದು ನಿಜಕ್ಕೂ ಹೆಡರ್. ಪ್ರೋಗ್ರಾಂ ಸರಿಯಾಗೇ ಬೈದಿತ್ತು, ಪಾಪ. ಆಮೇಲೆ ನೋಡಿದರೆ ಗ್ಲಾಕೋಮಾದ ಎಚ್40.1110 ಕೂಡ ಇದೇ ಕತ್ತರಿಗೆ ಸಿಗುತ್ತಿತ್ತು. ಕಣ್ಣಿನ ಕ್ಲೇಮ್ ಒಂದನ್ನೂ ಓಡಿಸಿರಲಿಲ್ಲ, ಹಾಗಾಗಿ ಗೊತ್ತಾಗಲಿಲ್ಲ.

ಮಾರಾಟಗಾರರಿಗೆ ಬರೆದೆ. ಬೇರೆ ಯಾರೂ ದೂರು ಕೊಟ್ಟಿಲ್ಲವಂತೆ. ಪಟ್ಟಿಯನ್ನೇ ಎಸೆದು, ಅಮೆರಿಕ ಸರ್ಕಾರದ ಆರೋಗ್ಯ ವಿಮೆ ನೋಡಿಕೊಳ್ಳುವ ಸಿಎಂಎಸ್ ಬಿಟ್ಟಿಯಾಗಿ ಕೊಡುವ ಆರ್ಡರ್ ಫೈಲ್‌ಗೆ (ಎಲ್ಲಾ ಕೋಡ್ ಸಾಲಾಗಿ ಇರುವ ಪಟ್ಟಿ) ಬದಲಾಯಿಸಿದೆ. 7ರಿಂದ 13ನೇ ಜಾಗದವರೆಗೆ ಕೋಡ್, 15ರಲ್ಲಿ ಹೆಡರ್ ಆದರೆ 0, ಬಿಲ್ ಮಾಡಬಹುದಾದರೆ 1. ಇಷ್ಟು ಸರಳ ಇರೋದನ್ನು ಬಿಟ್ಟು ದುಡ್ಡು ಕೊಟ್ಟು ಸೊನ್ನೆ ತಂದಿದ್ದೆ.

ನಡುವೆ ಒಂದು ಅಡ್ಡದಾರಿ. ಸ್ಟ್ಯಾಟಿಕ್, ಡೈನಾಮಿಕ್ ಅಂತ ಟೈಪ್ ಮಾಡಿ ಮಾಡಿ ಬೇಸರ ಬಂದು ಮೆತ್ತನೆ ಸ್ಟ್ರಾ ಒಂದನ್ನು ಜೋರಾಗಿ ಎಳೆದು ನೋಡಿದೆ. ಚಪ್ಪಟೆಯಾಯ್ತು. ಅದೇ ಡೈನಾಮಿಕ್. ಇಕ್ಕಟ್ಟಿನಲ್ಲಿ ಗಾಳಿ ವೇಗವಾಗಿ ಹೋಗುತ್ತೆ, ಒಳಗಿನ ಒತ್ತಡ ಇಳಿಯುತ್ತೆ, ಮೆದು ಗೋಡೆ ಒಳಕ್ಕೆ ಬೀಳುತ್ತೆ. ಸ್ಟ್ರಾವನ್ನು ಬೆರಳಲ್ಲಿ ಹಿಚುಕಿ ಹಿಡಿದರೆ ಸ್ಟ್ಯಾಟಿಕ್, ಉಸಿರು ಎಳೆದರೂ ಬಿಟ್ಟರೂ ಇಕ್ಕಟ್ಟೇ. ಮುಂದಿನ ಪ್ರಾಜೆಕ್ಟ್ ಹೊಳೆದದ್ದು ಅಲ್ಲೇ: ಸಿಲಿಕೋನ್ ಮೂಗು, ಪಕ್ಕದ ಗೋಡೆ ತೆಳ್ಳಗೆ, ಹಿಂದೆ ಒಂದು ಪುಟ್ಟ ವ್ಯಾಕ್ಯೂಮ್ ಪಂಪು. ಒಳ ವಾಲ್ವ್‌ನ ಕೋನ ಸಾಮಾನ್ಯವಾಗಿ 10ರಿಂದ 15 ಡಿಗ್ರಿ. ಅಚ್ಚಿನಲ್ಲಿ ಅಷ್ಟು ಸಣ್ಣ ಸಂದಿ ಅಂಟಿಕೊಳ್ಳದೆ ಬರುತ್ತಾ? ಮಾಡಿದವರಿದ್ದರೆ ಹೇಳಿ.

ಮಾಡಿದ ಚಿಕಿತ್ಸೆಗೆ ಹಾಕುವ ಸಿಪಿಟಿ ಕೋಡ್‌ಗಳ ಕಡೆ ಅಷ್ಟು ಗೋಳಿರಲಿಲ್ಲ. 30465 ಹಳೆಯದು, ಸ್ಪ್ರೆಡರ್ ಗ್ರಾಫ್ಟ್ (ಸಂದಿ ಅಗಲಿಸಲು ಒಳಗೆ ಇಡುವ ತುಂಡು) ಥರದ ಕೆಲಸಕ್ಕೆ. ಗೋಡೆಗೆ ಇಂಪ್ಲಾಂಟ್ ಇಡುವ 30468 ಬಂದದ್ದು 2021ರಲ್ಲಿ, ರೇಡಿಯೋಫ್ರೀಕ್ವೆನ್ಸಿಯ 30469 2023ರಲ್ಲಿ. ಮೂರೂ ಎರಡು ಬದಿಗೆ ಸೇರಿದ ಕೋಡ್‌ಗಳು. ಅದಕ್ಕೆ 50 ಮಾಡಿಫೈಯರ್ ('ಎರಡೂ ಬದಿ' ಅನ್ನುವ ಬಾಲ) ಕಂಡರೆ ನಿಲ್ಲಿಸು, ಒಂದೇ ಬದಿ ಆದರೆ 52 ('ಕಡಿಮೆ ಕೆಲಸ') ಕೇಳು, ಅಷ್ಟೇ. ಡಯಾಗ್ನೋಸಿಸ್ ಕೋಡ್‌ನಲ್ಲೂ ಎಡ ಬಲ ಹುಡುಕಿ ಅರ್ಧ ಗಂಟೆ ಹಾಳು ಮಾಡಿದೆ. ಅಲ್ಲಿ ಬದಿಯೇ ಇಲ್ಲ.

ಹನ್ನೆರಡೂ ಪಾಸಾದ ಖುಷಿ ಹತ್ತು ನಿಮಿಷ ಇತ್ತು. ಆಮೇಲೆ ಏಳನೇ ರೋಗಿಯ ನೋಟ್ ಓದಿದೆ: 'ಕಾಟಲ್ ಪಾಸಿಟಿವ್, ಉಸಿರಾಟಕ್ಕೆ ತೊಂದರೆ.' ಇಷ್ಟೇ. ಕಾಟಲ್ ಪರೀಕ್ಷೆಯಲ್ಲಿ ಕೆನ್ನೆ ಪಕ್ಕಕ್ಕೆ ಎಳೆದಾಗ ಉಸಿರು ಸಲೀಸಾದರೆ ವಾಲ್ವ್ ಮೇಲೆ ಅನುಮಾನ ಬರುತ್ತೆ, ನಿಜ. ಆದರೆ ಯಾವ ವಾಲ್ವ್, ಯಾವ ಬಗೆ ಅಂತ ಅದು ಹೇಳಲ್ಲ. ಕುಸಿತ ಇದೆ ಅಂತಲೂ ಡಾಕ್ಟರು ಬರೆದಿಲ್ಲ. ನನ್ನ ಪ್ರೋಗ್ರಾಂ ಮಾತ್ರ ಧೈರ್ಯವಾಗಿ ಜೆ34.8202 ಹಾಕಿ ಹಸಿರು ಗುರುತು ಕೊಟ್ಟಿತ್ತು. ಕೋಡರ್ ಆಗಿದ್ದರೆ ಡಾಕ್ಟರಿಗೆ ಕೇಳಬೇಕು, ಊಹಿಸೋ ಹಾಗಿಲ್ಲ. ಹಾಗಾಗಿ ನೋಟ್‌ನಲ್ಲಿ ಇಲ್ಲದ್ದನ್ನು ತುಂಬುವ ಭಾಗವನ್ನು ಕಿತ್ತು, 'ಡಾಕ್ಟರನ್ನು ಕೇಳಿ' ಅನ್ನೋ ಸಾಲು ಸೇರಿಸಿದೆ.

ಈಗ ಹನ್ನೊಂದು ಪಾಸ್, ಒಂದು ಬಾಕಿ. ಆ ಡಾಕ್ಟರೂ ನಾನೇ. ಇನ್ನೂ ಉತ್ತರ ಕೊಟ್ಟಿಲ್ಲ.