ಹೆಂಚಿನ ಮನೆಯ ದೊಡ್ಡ ಹಾಲ್‌ಗೆ ಸರೌಂಡ್ ಸೌಂಡ್: ಕೆಲಸ ಎಲ್ಲಿಗೆ ಬಂತು

ಫೆಬ್ರವರಿ

ಮೊದಲು ಹಾಲ್‌ನ ಅಳತೆ ಹೇಳಿಬಿಡುತ್ತೇನೆ. ಉದ್ದ 30 ಅಡಿ, ಅಗಲ 18 ಅಡಿ. ತೀರ್ಥಹಳ್ಳಿ ಕಡೆಯ ಹಳೇ ಹೆಂಚಿನ ಮನೆ. ಮುಂಚೆ ಇದು ಒಂದು ಜಗಲಿ, ಒಂದು ನಡುಮನೆ ಆಗಿತ್ತು. ನಡುವಿನ ಮಣ್ಣಿನ ಗೋಡೆ ತೆಗೆಸಿ ಒಂದೇ ಹಾಲ್ ಮಾಡಿಕೊಂಡಿದ್ದೇವೆ. ಗೋಡೆ ಇದ್ದ ಸಾಲಿನಲ್ಲಿ ಈಗ ಎರಡು ಹಲಸಿನ ಕಂಬ, ಅದರ ಮೇಲೆ ಅಡ್ಡಕ್ಕೆ ಒಂದು ದಪ್ಪ ತೊಲೆ. ಟಿವಿ ಗೋಡೆಯಿಂದ ಕಂಬಕ್ಕೆ 13 ಅಡಿ. ಕಂಬದಿಂದ ಕಂಬಕ್ಕೆ 10 ಅಡಿ. ಕಂಬದ ಆಚೆ ಇನ್ನೂ 17 ಅಡಿ ಜಾಗ, ಅಲ್ಲಿ ಊಟದ ಮೇಜು. ಟಿವಿ ಕಡೆಗೆ ಮೇಲೆ ಬರೀ ಹೆಂಚು, ಊಟದ ಮೇಜಿನ ಕಡೆಗೆ ಹಲಗೆ ಮುಚ್ಚಿಗೆ. ನೆಲ ಪೂರ್ತಿ ರೆಡ್ ಆಕ್ಸೈಡ್.

ಸಾಮಾನು ದೊಡ್ಡದೇನಲ್ಲ. ಏಳು ಚಾನೆಲ್‌ನ ರಿಸೀವರ್ (ಸ್ಪೀಕರ್‌ಗಳಿಗೆಲ್ಲ ಸದ್ದು ಹಂಚುವ ಆಂಪ್ಲಿಫೈಯರ್), ಸ್ಟ್ಯಾಂಡ್ ಮೇಲಿನ ಎರಡು ಫ್ರಂಟ್ ಸ್ಪೀಕರ್, ಒಂದು ಸೆಂಟರ್, ಎರಡು ಸಣ್ಣ ಸರೌಂಡ್, ಬರೀ ಬಾಸ್‌ಗೆ 10 ಇಂಚಿನ ಒಂದು ಸಬ್‌ವೂಫರ್. ಸದ್ಯಕ್ಕೆ ಗುರಿ 5.1, ಅಂದರೆ ಐದು ಸ್ಪೀಕರ್, ಒಂದು ಸಬ್‌ವೂಫರ್. ಉಳಿದ ಎರಡು ಚಾನೆಲ್ ಮುಂದಿನ ಮಾತು.

ಬಂದವರೆಲ್ಲ ಕೊಟ್ಟ ಸಲಹೆ ಒಂದೇ: ‘ನಾಲ್ಕು ಮೂಲೆಗೆ ನಾಲ್ಕು ಇಟ್ಟುಬಿಡಿ’. ಹತ್ತಡಿಗೆ ಹನ್ನೆರಡಡಿ ಕೋಣೆಗಾದರೆ ನಡೆಯುತ್ತದೆ. ಇಲ್ಲಿ ಲೆಕ್ಕ ಬೇರೆ. ಸೋಫಾದಲ್ಲಿ ಕೂತವರ ಕಿವಿ ಟಿವಿ ಗೋಡೆಯಿಂದ 11 ಅಡಿಗೆ ಬರುತ್ತದೆ. ಹಿಂದಿನ ಗೋಡೆ ಅಲ್ಲಿಂದ 19 ಅಡಿ ದೂರ. ಮೂಲೆಗೆ ಅಳೆದರೆ 21 ಅಡಿ. ಫ್ರಂಟ್ ಸ್ಪೀಕರ್‌ಗಳೋ ಹತ್ತೇ ಅಡಿಯಲ್ಲಿವೆ. ದೂರ ಎರಡರಷ್ಟಾದರೆ ನೇರವಾಗಿ ಬರುವ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಅದನ್ನು ವಾಲ್ಯೂಮ್ ಏರಿಸಿ ಸರಿಮಾಡಬಹುದು. ಆದರೆ ಆಗ ಗೋಡೆ, ನೆಲಕ್ಕೆ ಬಡಿದು ಬರುವ ಸದ್ದೂ ಜೊತೆಗೇ ಏರುತ್ತದೆ. ಕಿವಿಗೆ ಸ್ಪೀಕರ್‌ಗಿಂತ ಹಾಲ್‌ನ ಗುಂಯ್‌ಗುಡುವಿಕೆಯೇ ಜಾಸ್ತಿ ಕೇಳುತ್ತದೆ. ಕೋನವೂ ತಪ್ಪುತ್ತದೆ. ಮೂಗಿನ ನೇರವನ್ನು ಸೊನ್ನೆ ಅಂದುಕೊಂಡರೆ 5.1ರ ಸರೌಂಡ್ ಸ್ಪೀಕರ್ ಎರಡೂ ಪಕ್ಕದಲ್ಲಿ 100ರಿಂದ 120 ಡಿಗ್ರಿಯೊಳಗೆ ಇರಬೇಕು. ನಮ್ಮ ಮೂಲೆಗಳು 155 ಡಿಗ್ರಿಯಲ್ಲಿವೆ, ಅಂದರೆ ಬೆನ್ನ ಹಿಂದೆ.

ಹಾಗಾಗಿ ನಾನು ಹಿಡಿದ ದಾರಿ ಇದು: ಹಾಲ್ ಎಷ್ಟೇ ದೊಡ್ಡದಿರಲಿ, ಸ್ಪೀಕರ್ ಇಡುವುದು ಕೂರುವ ಜಾಗಕ್ಕೆ, ಗೋಡೆಗಲ್ಲ. ಸೋಫಾ ಸುತ್ತ ಒಂದು ವೃತ್ತ ಹಾಕಿಕೊಂಡು, ಉಳಿದ ಹಾಲ್ ಇಲ್ಲವೇ ಇಲ್ಲ ಅಂತ ನಡೆದುಕೊಳ್ಳುವುದು.

ಅಳತೆಗೆ ಬೇಕಾದ್ದು ನೂಲುಂಡೆ, ಟೇಪು, ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ. ಕೂರುವ ಜಾಗದಲ್ಲಿ ಒಂದು ಸ್ಟೂಲ್ ಇಟ್ಟು, ಅಲ್ಲಿಂದ ಟಿವಿ ನಡುವಿಗೆ ಒಂದು ನೂಲು, ಕಂಬಕ್ಕೆ ಇನ್ನೊಂದು ನೂಲು ಎಳೆದೆ. ಕಂಬ ಸೀಟಿಗಿಂತ 2 ಅಡಿ ಹಿಂದೆ, 5 ಅಡಿ ಪಕ್ಕಕ್ಕೆ. ಕೋನ 112 ಡಿಗ್ರಿ! ನೂರು ವರ್ಷದ ಹಿಂದೆ ಮನೆ ಕಟ್ಟಿದವರು ನಮ್ಮ ಸರೌಂಡ್‌ಗೆ ಜಾಗ ಬಿಟ್ಟೇ ಹೋಗಿದ್ದರು ಅನ್ನಿ.

ಮಾರ್ಚ್

ಅಡಿಕೆ ಮೂಟೆಗಳು ಹೋದವು. ಸುಗ್ಗಿ ಮುಗಿದ ಮೇಲೂ ಒಂದಷ್ಟು ಮೂಟೆ ಉದ್ದದ ಗೋಡೆಗೆ ಒರಗಿ ಕೂತಿದ್ದವು. ಅವು ಇದ್ದಾಗ ಹಾಲ್‌ನಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಅಲ್ಲೇ ನಿಲ್ಲುತ್ತಿತ್ತು. ಮೂಟೆ ಮಂಡಿಗೆ ಹೋದ ದಿನವೇ ‘ಟರ್‌ರ್’ ಅಂತ ಬಾಲ ಬೆಳೆಯಿತು. ಎದುರುಬದುರಿನ ಎರಡು ಗೋಡೆಗಳ ನಡುವೆ ಸದ್ದು ಹೋಗಿ ಬಂದು ಮಾಡುವುದೇ ಇದಕ್ಕೆ ಕಾರಣ. 18 ಅಡಿ ಹೋಗಿ 18 ಅಡಿ ವಾಪಸ್ ಬರಲು ಸುಮಾರು 32 ಮಿಲಿಸೆಕೆಂಡ್ ಬೇಕು. ಅದು ಮತ್ತೆ ಮತ್ತೆ ಆದಾಗ ಮಾತು ಕಲಸಿಹೋಗುತ್ತದೆ. ಗೋಣಿ ಚೀಲ ಇಷ್ಟು ಒಳ್ಳೆಯ ಅಕೌಸ್ಟಿಕ್ ಸಾಮಾನು ಅಂತ ಯಾವ ಅಂಗಡಿಯವನೂ ಹೇಳುವುದಿಲ್ಲ. ಆದರೆ ಅಡಿಕೆ ರೇಟು ನೋಡಿದರೆ ಅದನ್ನು ಗೋಡೆಗೆ ಇಟ್ಟುಕೊಳ್ಳುವುದು ನಮ್ಮಿಂದಾಗದು.

ಬದಲಿಗೆ ಒಂದು ಗೋಡೆಗೆ ಪುಸ್ತಕದ ಕಪಾಟು ಸರಿಸಿದೆವು. ಎದುರು ಗೋಡೆಗೆ ದಪ್ಪ ಕಂಬಳಿ, ಗೋಡೆಗೂ ಕಂಬಳಿಗೂ ನಾಲ್ಕು ಬೆರಳು ಜಾಗ ಬಿಟ್ಟು. ಹಾಗೆ ಬಿಟ್ಟರೆ ಸದ್ದು ಇನ್ನೂ ಚೆನ್ನಾಗಿ ಇಂಗುತ್ತದೆ. ಫ್ರಂಟ್ ಸ್ಪೀಕರ್‌ಗಳಿಗೂ ಸೋಫಾಗೂ ನಡುವೆ ಜಮಖಾನ. ರೆಡ್ ಆಕ್ಸೈಡ್ ನೆಲ ಕಾಲಿಗೆ ಎಷ್ಟು ತಂಪೋ ಕಿವಿಗೆ ಅಷ್ಟೇ ಚುರುಕು.

ಫ್ರಂಟ್ ಎರಡನ್ನೂ ಗೋಡೆಯಿಂದ 2 ಅಡಿ ಮುಂದಕ್ಕೆ ತಂದು, ಒಂದರಿಂದ ಒಂದಕ್ಕೆ ಒಂಬತ್ತೂವರೆ ಅಡಿ ಇಟ್ಟಿದ್ದೇನೆ. ಸೀಟಿನಿಂದ 28 ಡಿಗ್ರಿ ಬರುತ್ತದೆ. 22ರಿಂದ 30ರ ಒಳಗಿದ್ದರೆ ಸಾಕು. ಟ್ವೀಟರ್ (ಸ್ಪೀಕರ್‌ನಲ್ಲಿ ಚೂಪು ಸದ್ದು ಹೊರಡಿಸುವ ಸಣ್ಣ ಭಾಗ) ಕೂತವರ ಕಿವಿಯ ಮಟ್ಟಕ್ಕೆ, ಅಂದರೆ ನೆಲದಿಂದ ಮೂರೂಕಾಲು ಅಡಿ. ಸೆಂಟರ್ ಸ್ಪೀಕರ್ ಟಿವಿ ಕೆಳಗಿನ ಸ್ಟ್ಯಾಂಡಿನಲ್ಲಿದೆ. ಮುಂದಿನ ಕಾಲಿನ ಕೆಳಗೆ ಒಂದು ಚಕ್ಕೆ ಕೊಟ್ಟು ಮುಖ ಮೇಲಕ್ಕೆತ್ತಿದೆ. ಇಲ್ಲದಿದ್ದರೆ ಪಾತ್ರಗಳೆಲ್ಲ ಮೊಣಕಾಲಿನ ಜೊತೆ ಮಾತಾಡುತ್ತವೆ.

ಏಪ್ರಿಲ್, ಮೇ

ಕಂಬದ ಕೆಲಸ. ಇದೇ ಜಾಸ್ತಿ ದಿನ ತಿಂದಿದ್ದು.

ಅಪ್ಪಯ್ಯ ಮೊದಲೇ ಕಡ್ಡಿ ಮುರಿದ ಹಾಗೆ ಹೇಳಿದ್ದರು: ‘ಕಂಬಕ್ಕೆ ಒಂದು ಮೊಳೆಯನ್ನೂ ಹೊಡೆಯೋ ಹಾಗಿಲ್ಲ.’ ಸರಿ, ಮರಗೆಲಸದ ಆಚಾರ್ರನ್ನು ಕರೆಸಿದೆ. ಅವರು ಕಂಬವನ್ನು ಎರಡು ಸುತ್ತು ನೋಡಿ, ‘ಇದಕ್ಕೆ ಮೊಳೆ ಎಂತಕ್ಕೆ ಮಾರಾಯ್ರೆ, ಪಟ್ಟಿ ಕಟ್ಟುವ’ ಅಂದರು. ಎರಡು ಮರದ ತುಂಡನ್ನು ಕಂಬದ ದಪ್ಪಕ್ಕೆ ಕೊರೆದು, ಎರಡೂ ಕಡೆ ಬೋಲ್ಟ್ ಹಾಕಿ ಬಿಗಿಯುವ ಕೆಲಸ. ಮರ ಮರಕ್ಕೆ ಉಜ್ಜದ ಹಾಗೆ ಒಳಗೆ ಹಳೇ ಸೈಕಲ್ ಟ್ಯೂಬಿನ ತುಂಡು. ಆ ರಬ್ಬರಿನಿಂದ ಇನ್ನೊಂದು ಲಾಭ: ಸ್ಪೀಕರ್‌ನ ಅದುರು ಕಂಬಕ್ಕೆ ದಾಟುವುದು ಕಡಿಮೆ. ಪಟ್ಟಿಯಿಂದ ಒಂದು ಸಣ್ಣ ಹಲಗೆ ಹೊರಗೆ ಚಾಚಿದೆ, ಅದರ ಮೇಲೆ ಸ್ಪೀಕರ್. ಬೇಕಾದಾಗ ಬಿಚ್ಚಬಹುದು. ಕಂಬದ ಮೇಲೆ ಗುರುತೂ ಉಳಿಯುವುದಿಲ್ಲ.

ಎತ್ತರ ಐದೂವರೆ ಅಡಿ. ಕಿವಿಗಿಂತ ಎರಡಡಿ ಮೇಲೆ. ಇದಕ್ಕೆ ಕಾರಣ ಇದೆ. ನಡುವೆ ಕೂತವರಿಗೆ ಕಂಬ ಐದೂವರೆ ಅಡಿ ದೂರ. ಸೋಫಾದ ತುದಿಯಲ್ಲಿ ಕೂತವರಿಗೆ ಮೂರು, ಮೂರೂವರೆ ಅಡಿ ಅಷ್ಟೇ. ಕಿವಿ ಮಟ್ಟಕ್ಕೇ ಇಟ್ಟರೆ ಆ ತುದಿಯವರಿಗೆ ಪೂರ್ತಿ ಸಿನಿಮಾ ಒಂದೇ ಕಿವಿಯಲ್ಲಿ ಓಡುತ್ತದೆ. ಮೇಲೆತ್ತಿದಾಗ ಹತ್ತಿರದವರಿಗೂ ದೂರದವರಿಗೂ ಇರುವ ವ್ಯತ್ಯಾಸ ಕಡಿಮೆಯಾಗುತ್ತದೆ. ಅಷ್ಟೇ ಸಾಲದು ಅಂತ ಸ್ಪೀಕರ್ ಮುಖವನ್ನೂ ಅಡ್ಡ ತಿರುಗಿಸಿದೆ. ಎಡಗಂಬದ ಸ್ಪೀಕರ್ ನೋಡುವುದು ಬಲತುದಿಯಲ್ಲಿ ಕೂತವರನ್ನು, ಬಲದ್ದು ಎಡತುದಿಯವರನ್ನು. ಹತ್ತಿರ ಕೂತವರಿಗೆ ಸ್ಪೀಕರ್‌ನ ಓರೆ ಸದ್ದು ಮಾತ್ರ ಸಿಗುತ್ತದೆ. ಅದು ಸ್ವಲ್ಪ ಮೆತ್ತಗಿರುತ್ತದೆ. ಇಡೀ ಕೆಲಸದಲ್ಲಿ ಖರ್ಚಿಲ್ಲದೆ ಹೆಚ್ಚು ಫಲ ಕೊಟ್ಟಿದ್ದು ಇದೇ.

ವೈರ್ ಬಗ್ಗೆ. ರಿಸೀವರ್‌ನಿಂದ ಗೋಡೆ ಹತ್ತಿ, ಮೇಲಿನ ಮರ ಹಿಡಿದು, ಕಂಬ ಇಳಿಯಲು ಒಂದೊಂದು ಕಡೆಗೆ 9 ಮೀಟರ್ ಬೇಕಾಯಿತು. ಒಂದೂವರೆ ಚದರ ಮಿಲಿಮೀಟರ್ ತಾಮ್ರದ ಎರಡೆಳೆ ವೈರ್ ತಂದೆ. ಆ ದಪ್ಪಕ್ಕೆ ಕಿಲೋಮೀಟರಿಗೆ ಸುಮಾರು 12 ಓಮ್. ಹೋಗಿ ಬರುವ 18 ಮೀಟರಿಗೆ 0.22 ಓಮ್ ಆಯಿತು. ಸ್ಪೀಕರ್ 8 ಓಮ್‌ನದು. ವೈರ್‌ನ ತಡೆ ಅದರ ನೂರಕ್ಕೆ ಐದು, ಅಂದರೆ 0.4 ಓಮ್ ದಾಟಬಾರದು ಅನ್ನುವುದು ವಾಡಿಕೆ. ಹಿಂದಿನ ಮೂಲೆಗೆ ಎಳೆದಿದ್ದರೆ ಇದೇ ವೈರ್ 0.44ಕ್ಕೆ ಹೋಗಿ, ಎರಡೂವರೆ ಚದರ ಮಿಲಿಮೀಟರಿನದು ತರಬೇಕಾಗುತ್ತಿತ್ತು. ಚಿನ್ನದ ಲೇಪ, ಆಮ್ಲಜನಕ ಇಲ್ಲದ ತಾಮ್ರ ಅಂತೆಲ್ಲ ಮಾರುವವರಿಗೆ ದೂರದಿಂದಲೇ ಕೈ ಮುಗಿಯಿರಿ. ವೈರ್‌ಲೆಸ್ ಯಾಕಿಲ್ಲ ಅಂತ ಕೇಳುವವರಿಗೆ: ಅದಕ್ಕೂ ಕಂಬದ ಹತ್ತಿರ ಕರೆಂಟ್ ಪಾಯಿಂಟ್ ಬೇಕು. ಎಳೆಯುವುದೇ ಆದರೆ ಸ್ಪೀಕರ್ ವೈರನ್ನೇ ಎಳೆದರಾಯಿತು.

ಇಲಿ ಕಾಟಕ್ಕೆ ವೈರನ್ನು ಪಿವಿಸಿ ಪೈಪಿನೊಳಗೆ ಹಾಕಿದ್ದೇವೆ. ಬಿಳಿ ಪೈಪು ಹಳೇ ಮರದ ಮೇಲೆ ಕಣ್ಣಿಗೆ ಚುಚ್ಚುತ್ತಿತ್ತು. ಆಚಾರ್ರು ತೋಟದಿಂದ ಒಣಗಿದ ಅಡಿಕೆ ಮರದ ದಬ್ಬೆ ತಂದು, ಒಳಗಿನ ತಿರುಳು ಕೆರೆದು, ಪೈಪಿನ ಮೇಲೆ ಮುಚ್ಚಳದ ಹಾಗೆ ಕೂರಿಸಿದರು. ಈಗ ಅದು ಮನೆಯದೇ ಮರ ಅನ್ನಿಸುತ್ತದೆ.

ಸೆಟ್ಟಿಂಗ್

ಪ್ರತಿ ಸ್ಪೀಕರ್‌ನ ದೂರ, ಮಟ್ಟ ತಾನೇ ಅಳೆದುಕೊಳ್ಳಲು ರಿಸೀವರ್ ಜೊತೆ ಬಂದ ಮೈಕನ್ನು ಕಿವಿ ಇರುವ ಜಾಗದಲ್ಲಿ, ಟ್ರೈಪಾಡ್ ಮೇಲೆ ನಿಲ್ಲಿಸಿದೆ. ಸೋಫಾದ ಬೆನ್ನಿಗೆ ಒರಗಿಸಿದರೆ ಬಟ್ಟೆಯ ಪ್ರಭಾವವೂ ಅಳತೆಗೆ ಸೇರುತ್ತದೆ. ಸಂಜೆ ಹೊತ್ತು ಶುರುಮಾಡಿದಾಗೆಲ್ಲ ‘ಸುತ್ತ ಗದ್ದಲ ಜಾಸ್ತಿ’ ಅಂತ ಯಂತ್ರ ನಿಲ್ಲುತ್ತಿತ್ತು. ಫ್ಯಾನ್ ಆಫ್, ಫ್ರಿಜ್ ಆಫ್, ಆದರೂ ಅದೇ ಕಥೆ. ಹೊರಗೆ ಜೀರುಂಡೆ! ಬೇಸಿಗೆಯ ಮಲೆನಾಡಿನಲ್ಲಿ ಅವುಗಳ ಬಾಯಿ ಮುಚ್ಚಿಸುವವರು ಯಾರು? ಬೆಳಿಗ್ಗೆ ಎಲ್ಲರೂ ತೋಟಕ್ಕೆ ಹೋದ ಮೇಲೆ ಕಿಟಕಿ ಹಾಕಿಕೊಂಡು ಮುಗಿಸಿದೆ.

ಕಂಬದ ಸ್ಪೀಕರ್ ಫ್ರಂಟ್‌ಗಿಂತ ಸುಮಾರು 5 ಅಡಿ ಹತ್ತಿರ. ಅದರ ಸದ್ದು 4 ಮಿಲಿಸೆಕೆಂಡಿನಷ್ಟು ಮೊದಲೇ ಬರುತ್ತದೆ. ರಿಸೀವರ್ ಅದನ್ನು ಅಷ್ಟೇ ತಡಮಾಡಿ ಬಿಡುತ್ತದೆ, ಮಟ್ಟವನ್ನೂ ಐದಾರು ಡೆಸಿಬೆಲ್ ಇಳಿಸುತ್ತದೆ. ಟೇಪು ಹಿಡಿದು ನೋಡಿದೆ, ದೂರ ಸರಿಯಾಗಿಯೇ ಹಿಡಿದಿತ್ತು. ಫ್ರಂಟ್ ಸ್ಪೀಕರ್‌ಗಳನ್ನು ಮಾತ್ರ ‘ಲಾರ್ಜ್’, ಅಂದರೆ ಪೂರ್ತಿ ಬಾಸನ್ನೂ ತಾವೇ ಹೊರುವಂಥವು, ಅಂದುಕೊಂಡಿತ್ತು. ಅದನ್ನು ‘ಸ್ಮಾಲ್’ ಮಾಡಿ, ಎಲ್ಲ ಸ್ಪೀಕರಿಗೂ ಕ್ರಾಸ್‌ಓವರ್ 80 ಹರ್ಟ್ಸ್ ಇಟ್ಟೆ; ಅದಕ್ಕಿಂತ ಕೆಳಗಿನ ಬಾಸ್ ಸಬ್‌ವೂಫರ್‌ಗೆ ಹೋಗುತ್ತದೆ.

ಸಬ್‌ವೂಫರ್‌ಗೆ ಜಾಗ ಹುಡುಕುವ ವಿಧಾನ ನೋಡಿ ಅಮ್ಮ, ‘ಎಂತ ಕಳಕೊಂಡ್ಯೋ?’ ಅಂದರು. ಸಬ್‌ವೂಫರನ್ನೇ ಸೋಫಾ ಮೇಲೆ ಕೂರಿಸಿ, ಬಾಸ್ ಇರುವ ತುಣುಕು ಹಾಕಿ, ನಾನು ಗೋಡೆಯ ಬುಡದಲ್ಲಿ ಅಂಬೆಗಾಲಿಟ್ಟು ಹೋಗುವುದು. ಎಲ್ಲಿ ಬಾಸ್ ಹದವಾಗಿ ಕೇಳುತ್ತದೋ ಅಲ್ಲೇ ಸಬ್‌ವೂಫರ್ ಜಾಗ. ಮೂಲೆಯಲ್ಲಿ ಬರೀ ದಬದಬ. ಎಡಗೋಡೆಗೆ, ಟಿವಿ ಗೋಡೆಯಿಂದ 5 ಅಡಿಯ ಹತ್ತಿರ ಸದ್ದು ಬಿಡಿಸಿ ಕೇಳಿತು. ಆಮೇಲೆ ಲೆಕ್ಕ ಹಾಕಿದರೆ ಕಾರಣ ಸಿಕ್ಕಿತು. 30 ಅಡಿ ಉದ್ದದ ಕೋಣೆ 19, 38, 56 ಹರ್ಟ್ಸ್‌ನಲ್ಲಿ ತಾನೇ ಮಿಡಿಯುತ್ತದೆ. ನಮ್ಮ ಸೀಟಿನಲ್ಲಿ 56 ಹರ್ಟ್ಸ್ ಬಹಳ ಜೋರು. ಉದ್ದದ ಆರನೇ ಒಂದು ಭಾಗದಲ್ಲಿ, ಅಂದರೆ ಸರಿಯಾಗಿ 5 ಅಡಿಯಲ್ಲಿ, ಸಬ್‌ವೂಫರ್ ಇಟ್ಟರೆ ಆ ಮಿಡಿತ ಎಬ್ಬಿಸಲು ಅದಕ್ಕೆ ಆಗುವುದೇ ಇಲ್ಲ.

ಬಾಸ್ ಹದವಾಯಿತು, ಹೊಟ್ಟೆ ತುಂಬಲಿಲ್ಲ. ಇಷ್ಟು ದೊಡ್ಡ ಹಾಲ್‌ಗೆ 10 ಇಂಚಿನದೊಂದು ಸಾಲದು. ಮೇಲಾಗಿ ಹೆಂಚಿನ ಸಂದಿಯಿಂದ ಅರ್ಧ ಬಾಸ್ ತೋಟಕ್ಕೇ ಹೋಗುತ್ತದೆ. ಇನ್ನೊಂದು ಸಬ್‌ವೂಫರ್ ಪಟ್ಟಿಯಲ್ಲಿದೆ, ದುಡ್ಡು ಪಟ್ಟಿಯಲ್ಲಿಲ್ಲ.

ಪರೀಕ್ಷೆಗೆ ಸಿನಿಮಾಕ್ಕಿಂತ ಯಕ್ಷಗಾನದ ರೆಕಾರ್ಡಿಂಗ್ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಚೆಂಡೆಯ ಪೆಟ್ಟು ಚೂಪು. ಹಾಲ್ ಎಲ್ಲಿ ಗೊಣಗುತ್ತದೆ ಅಂತ ತಕ್ಷಣ ಗೊತ್ತಾಗುತ್ತದೆ. ಬಯಲಿನಲ್ಲಿ ಹಿಡಿದ ಎರಡು ಚಾನೆಲ್‌ನ ಆಟವನ್ನು ರಿಸೀವರ್‌ನ ಸರೌಂಡ್ ಮೋಡ್‌ಗೆ ಕೊಟ್ಟರೆ ಭಾಗವತರ ದನಿ ಸೆಂಟರ್‌ಗೆ ಬರುತ್ತದೆ, ಜನರ ಗದ್ದಲ ಕಂಬಗಳಿಗೆ ಹೋಗುತ್ತದೆ. ಅದು ಚೆನ್ನಾಗಿದೆ. ಸ್ಟುಡಿಯೋದಲ್ಲಿ ಹಾಡಿದ ಭಾವಗೀತೆಗೆ ಮಾತ್ರ ಈ ಆಟ ಬೇಡ. ಸುಮ್ನೆ ಸ್ಟೀರಿಯೋದಲ್ಲೇ ಕೇಳಿ.

ಜೂನ್, ಜುಲೈ

ಮಳೆ ಹಿಡಿಯಿತು. ಆಗುಂಬೆ ಘಾಟಿಯ ಪಕ್ಕದವರಿಗೆ ಮಳೆ ಅಂದರೆ ಏನು ಅಂತ ಬೇರೆ ಹೇಳಬೇಕಾ? ಹೆಂಚಿನ ಮೇಲೆ ಜೋರು ಮಳೆ ಬಿದ್ದಾಗ ಫೋನಿನ ಆ್ಯಪ್ ಸೋಫಾದಲ್ಲಿ 60 ಡೆಸಿಬೆಲ್ ದಾಟಿ ತೋರಿಸಿತು. ಮಾತುಗಳೆಲ್ಲ ಅದರಲ್ಲಿ ಮುಳುಗುತ್ತವೆ. ಮಳೆಗಾಲಕ್ಕೆ ಅಂತಲೇ ಎರಡನೇ ಸೆಟ್ಟಿಂಗ್ ಮಾಡಿಟ್ಟಿದ್ದೇನೆ: ಸೆಂಟರ್ 3 ಡೆಸಿಬೆಲ್ ಜಾಸ್ತಿ, ರಾತ್ರಿ ಹೊತ್ತಿಗೆಂದು ಕೊಟ್ಟಿರುವ ನೈಟ್ ಮೋಡ್ ಆನ್. ಆಗ ಸಣ್ಣ ಸದ್ದು ಮೇಲೇಳುತ್ತದೆ, ಸ್ಫೋಟ ಕೆಳಗಿಳಿಯುತ್ತದೆ.

ತೇವಕ್ಕೆ ಕಾಗದದ ಕೋನ್ ಬೂಸ್ಟು ಹಿಡಿಯದಿರಲಿ ಅಂತ ದಿನಾ ಸ್ವಲ್ಪ ಹೊತ್ತಾದರೂ ಏನಾದರೂ ಹಾಕುತ್ತೇವೆ. ಸ್ಪೀಕರ್‌ಗಳು ಗೋಡೆಗೆ ತಾಗಿಲ್ಲದ್ದು ಇಲ್ಲೂ ಅನುಕೂಲವಾಯಿತು. ಗುಡುಗು ಶುರುವಾದರೆ ರಿಸೀವರ್ ಪ್ಲಗ್ ಕೀಳುವುದು, ಜೊತೆಗೆ ಡಿಶ್ ಕೇಬಲ್ಲನ್ನೂ ಇಂಟರ್‌ನೆಟ್ ಕೇಬಲ್ಲನ್ನೂ. ಮಿಂಚಿಗೆ ಪ್ಲಗ್ ಒಂದೇ ದಾರಿಯಲ್ಲ.

ಮುಂದಿನದು

ಉಳಿದ ಎರಡು ಚಾನೆಲ್ ಎಲ್ಲಿಗೆ? ಹಿಂದಕ್ಕೆ ಕೊಟ್ಟರೆ 7.1. ಆದರೆ 135ರಿಂದ 150 ಡಿಗ್ರಿಯಲ್ಲಿ, ನಡು ಹಾಲ್‌ನಲ್ಲಿ ಸ್ಟ್ಯಾಂಡ್ ನಿಲ್ಲಿಸಬೇಕು. ಊಟ ಬಡಿಸುವವರು ಎಡವುತ್ತಾರೆ. ಮೇಲಕ್ಕೆ ಕೊಟ್ಟರೆ 5.1.2, ಅಂದರೆ ತಲೆ ಮೇಲಿನಿಂದಲೂ ಸದ್ದು ಬರುವ, 2012ರಲ್ಲಿ ಬಂದ ಡಾಲ್ಬಿ ಆಟ್ಮಾಸ್. ನನ್ನ ಒಲವು ಮೇಲಕ್ಕೇ.

ತೊಲೆಗೆ ಕಟ್ಟುವುದು ಸುಲಭ. ತೊಡಕು ಒಂದೇ. ತಲೆ ಮೇಲಿನ ಸ್ಪೀಕರ್ ಎದುರಿನಿಂದ ನೆತ್ತಿಯ ಕಡೆಗೆ ಎಣಿಸಿದರೆ 65ರಿಂದ 100 ಡಿಗ್ರಿಯೊಳಗೆ ಬರಬೇಕು. ತೊಲೆ ಕಿವಿಗಿಂತ ಆರೂಕಾಲು ಅಡಿ ಮೇಲೆ, 2 ಅಡಿ ಹಿಂದೆ ಇದೆ. 108 ಡಿಗ್ರಿ ಆಗುತ್ತದೆ. ಸೋಫಾ ಒಂದಡಿ ಹಿಂದೆ ಸರಿಸಿದರೆ 99ಕ್ಕೆ ಬರುತ್ತದೆ, ಕಂಬದ ಸ್ಪೀಕರ್ 101ಕ್ಕೆ ಹೋಗುತ್ತದೆ. ಎರಡೂ ಸರಿಯೇ. ಆದರೆ ಅಂಗಳದಿಂದ ಅಡುಗೆಮನೆಗೆ ಹೋಗುವ ದಾರಿ ಸೋಫಾ ಬೆನ್ನಿಗೇ ಇದೆ. ಅಮ್ಮ ಒಪ್ಪಲಿಲ್ಲ. ಕೊಡ ಹಿಡಿದು ಓಡಾಡುವವರು ಅವರು, ಅವರ ಮಾತೇ ಸರಿ.

ಹಾಗಾಗಿ ತೊಲೆಯಿಂದ ಒಂದಡಿ ಮುಂದಕ್ಕೆ ಚಾಚುವ ಎರಡು ಮರದ ತೋಳು ಮಾಡಿಸುವುದು ಅಂತಾಗಿದೆ. ಕಂಬದ ಹಾಗೇ ಪಟ್ಟಿ ಬಿಗಿದು, ಮೊಳೆ ಇಲ್ಲದೆ. ಅಳತೆ ಆಚಾರ್ರಿಗೆ ಕೊಟ್ಟಾಗಿದೆ. ಮಳೆಗಾಲದಲ್ಲಿ ಕೊರೆದರೆ ಮರ ಆಮೇಲೆ ಒಣಗಿ ಪಟ್ಟಿ ಸಡಿಲವಾಗುತ್ತದೆ, ದಸರಾ ಕಳೆದ ಮೇಲೆ ಬರುತ್ತೇನೆ ಅಂದಿದ್ದಾರೆ. ಅಷ್ಟರಲ್ಲಿ ಮೂರು ಕಿಲೋ ಒಳಗಿನ ಎರಡು ಸ್ಪೀಕರ್ ಹುಡುಕಬೇಕು.