ದಕ್ಷಿಣದ ಬಾಲ್ಕನಿಗೆ ಜೂನ್‌ನಲ್ಲಿ ಬಿಸಿಲಿಲ್ಲ

ಬೆಂಗಳೂರು, 16 ಜೂನ್ 2024, ಭಾನುವಾರ

ಮೃಗಶಿರಾ ಮಳೆ ನಡೆಯುತ್ತಿದೆ. ಮಧ್ಯಾಹ್ನ 12.20ಕ್ಕೆ, ಅಂದರೆ ಈ ಊರಿನಲ್ಲಿ ಸೂರ್ಯ ಅತಿ ಎತ್ತರಕ್ಕೆ ಏರುವ ಹೊತ್ತಿಗೆ, ಮೋಡ ಸರಿದಿತ್ತು. ಫೋನಿನಲ್ಲಿ ಬೆಳಕು ಅಳೆಯುವ ಲಕ್ಸ್ ಆ್ಯಪ್ ಹಿಡಿದರೆ ದಕ್ಷಿಣದ ಬಾಲ್ಕನಿಯ ಕಟ್ಟೆಯ ಅಂಚಿನಲ್ಲಿ 9,000, ಒಳಗೋಡೆಯ ಪಕ್ಕ 2,500. ಟೆರೇಸಿನಲ್ಲಿ 1 ಲಕ್ಷದ ಹತ್ತಿರ. ಟೊಮೆಟೊ, ಬದನೆ, ಮೆಣಸಿನಕಾಯಿಗೆ ದಿನಕ್ಕೆ ಐದಾರು ಗಂಟೆ ನೇರ ಬಿಸಿಲು ಬೇಕು. ಇಲ್ಲಿ ಈಗ ಒಂದು ನಿಮಿಷವೂ ಇಲ್ಲ.

ಕಾರಣ ಮೋಡವಲ್ಲ. ಬೆಂಗಳೂರಿನಲ್ಲಿ ಶೂನ್ಯ ನೆರಳಿನ ದಿನ, ಅಂದರೆ ನಡುಮಧ್ಯಾಹ್ನ ಸೂರ್ಯ ನೇರ ನೆತ್ತಿಯ ಮೇಲೆ ಬರುವ ದಿನ, ವರ್ಷಕ್ಕೆ ಎರಡು ಸಲ, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಬರುತ್ತದೆ. ಆ ಎರಡರ ನಡುವೆ ಸೂರ್ಯ ಹುಟ್ಟುವುದರಿಂದ ಮುಳುಗುವವರೆಗೂ ಉತ್ತರದ ಕಡೆಯೇ ಇರುತ್ತಾನೆ. ದಕ್ಷಿಣಕ್ಕೆ ಮುಖ ಮಾಡಿದ ಗೋಡೆಗೆ ಹೆಚ್ಚುಕಡಿಮೆ ನಾಲ್ಕು ತಿಂಗಳು ನೇರ ಬಿಸಿಲು ಸೋಕುವುದೇ ಇಲ್ಲ. ಮಂಗಳೂರಿಗೂ ಇದೇ ಲೆಕ್ಕ. ಕಲಬುರಗಿಯಲ್ಲಿ ಈ ಅವಧಿ ಮೇ ಎರಡನೇ ವಾರದಿಂದ ಆಗಸ್ಟ್ ಮೊದಲ ವಾರದವರೆಗೆ, ಸ್ವಲ್ಪ ಕಡಿಮೆ. 'ದಕ್ಷಿಣದ ಬಾಲ್ಕನಿಯೇ ತರಕಾರಿಗೆ ಶ್ರೇಷ್ಠ' ಎನ್ನುವ ವಿಡಿಯೊಗಳು ಕರ್ಕಾಟಕ ವೃತ್ತದ ಆಚೆಯವರು ಮಾಡಿದ್ದು. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ನಮಗೆ ಅದು ಎಂಟು ತಿಂಗಳ ಸತ್ಯ.

ಜೂನ್‌ನಲ್ಲಿ ನರ್ಸರಿಯಿಂದ ಟೊಮೆಟೊ ಸಸಿ ತಂದು ಇಂಥ ಬಾಲ್ಕನಿಯಲ್ಲಿಟ್ಟರೆ ಆಗುವುದು ಇಷ್ಟು: ಗೆಣ್ಣಿನಿಂದ ಗೆಣ್ಣಿಗೆ ಅಂತರ ಹಿಗ್ಗಿ ಕಾಂಡ ಸಣಕಲಾಗುತ್ತದೆ, ಹೂ ಬಿಟ್ಟರೂ ತೊಟ್ಟಿನ ಗಂಟಿನಲ್ಲೇ ಕಳಚಿ ಬೀಳುತ್ತದೆ. ಆಗ ಜನ ಗೊಬ್ಬರ ಸುರಿಯುತ್ತಾರೆ. ಸಾರಜನಕ ಹೆಚ್ಚಿದಷ್ಟೂ ಎಲೆ ಮೆತ್ತಗಾಗಿ ಸಸ್ಯಹೇನು, ಬಿಳಿ ನೊಣಕ್ಕೆ ಹಬ್ಬ. ಗೊಬ್ಬರ ಕೊಟ್ಟು ಬಿಸಿಲಿನ ಕೊರತೆ ತುಂಬಲಾಗದು.

ಹಾಗಾಗಿ ಈಗ ಈ ಬಾಲ್ಕನಿಯಲ್ಲಿ ಒಂದೆಲಗ, ಪುದೀನ, ದೊಡ್ಡಪತ್ರೆ, ಬಸಳೆ ಮಾತ್ರ. ಬಸಳೆ ಬಳ್ಳಿಯನ್ನು ಕಟ್ಟೆಯ ಅಂಚಿಗೇ ಹಬ್ಬಿಸಬೇಕು, ಒಳಗಿಟ್ಟರೆ ಎಲೆ ತೆಳ್ಳಗಾಗುತ್ತದೆ. ಪೂರ್ವದ ಬಾಲ್ಕನಿ ಇರುವವರಿಗೆ ಈ ತಾಪತ್ರಯವಿಲ್ಲ, ಹರಿವೆ, ದಂಟು ಆರಾಮಾಗಿ ಬರುತ್ತವೆ.

ಮೆಂತ್ಯ, ಕೊತ್ತಂಬರಿ, ಪಾಲಕ್ ಮನೆಯೊಳಗೆ, ಟ್ಯೂಬ್‌ಲೈಟಿನ ಕೆಳಗೆ. 'ಗ್ರೋ ಲೈಟ್' ಎಂದು ಮಾರುವ ನೇರಳೆ ದೀಪ ಬೇಡ. 20 ವಾಟಿನ, ನಾಲ್ಕಡಿಯ ಬಿಳಿ ಎಲ್ಇಡಿ ಬ್ಯಾಟನ್ ಎರಡು, ಅಕ್ಕಪಕ್ಕ, ಎಲೆಗಳಿಂದ 15ರಿಂದ 20 ಸೆಂ.ಮೀ. ಮೇಲೆ. ಟೈಮರ್ ಇಟ್ಟು 14 ಗಂಟೆ ಉರಿಸಿದರೆ ದಿನಕ್ಕೆ 0.56 ಯೂನಿಟ್, ತಿಂಗಳಿಗೆ ಸುಮಾರು 17 ಯೂನಿಟ್. ದೀಪವನ್ನು ಚಾವಣಿಗೆ ತೂಗುಹಾಕಿದರೆ ಕರೆಂಟು ದಂಡ.

ಇಂದು ಬಿತ್ತಿದ್ದು: ಎಂಟು ಗಂಟೆ ನೆನೆಸಿದ ಮೆಂತ್ಯ, ನಾಲ್ಕು ಇಂಚು ಆಳದ ಟ್ರೇನಲ್ಲಿ, ಕಾಳಿನಿಂದ ಕಾಳಿಗೆ ಅರ್ಧ ಬೆರಳಿನಷ್ಟು ಜಾಗ ಬಿಟ್ಟು. ಮೂರು ನಾಲ್ಕು ದಿನಕ್ಕೆ ಮೊಳಕೆ, 20ರಿಂದ 25 ದಿನಕ್ಕೆ ಕೀಳಬಹುದು. ಕೊತ್ತಂಬರಿಯ ಒಂದು ಕಾಳಿನೊಳಗೆ ಎರಡು ಬೀಜ ಇರುತ್ತವೆ. ಲಟ್ಟಣಿಗೆಯನ್ನು ಹಗುರವಾಗಿ ಉರುಳಿಸಿ ಎರಡು ಹೋಳು ಮಾಡಿ, ರಾತ್ರಿ ನೆನೆಸಿ ಬಿತ್ತಬೇಕು. ಅದು ಹುಟ್ಟಲು ಎಂಟರಿಂದ ಹನ್ನೆರಡು ದಿನ. 'ಹುಟ್ಟಲಿಲ್ಲ' ಎಂದು ಆರನೇ ದಿನಕ್ಕೆ ಕೆದಕಿ ನೋಡುವವರೇ ಹೆಚ್ಚು.

ಒಳಗೆ ಬೆಳೆಯುವಾಗ ದೊಡ್ಡ ಕಂಟಕ ಸಸಿ ಸಾಯುವ ರೋಗ. ಬೆಳಿಗ್ಗೆ ನೆಟ್ಟಗಿದ್ದ ಸಸಿ ಸಂಜೆಗೆ ಮಣ್ಣಿನ ಮಟ್ಟದಲ್ಲಿ ಕತ್ತು ಕೊಳೆತು ಮಲಗಿರುತ್ತದೆ, ಕೊಳೆತ ಜಾಗ ದಾರದಷ್ಟು ತೆಳ್ಳಗೆ, ನೀರು ನೀರಾಗಿ ಕಾಣುತ್ತದೆ. ಒತ್ತೊತ್ತಾಗಿ ಬಿತ್ತುವುದು, ಮೇಲಿನಿಂದ ನೀರು ಚಿಮುಕಿಸುತ್ತಲೇ ಇರುವುದು, ಗಾಳಿ ಆಡದಿರುವುದು, ಈ ಮೂರೂ ಈ ರೋಗ ತರುವ ಮಣ್ಣಿನ ಶಿಲೀಂಧ್ರಕ್ಕೆ ಅನುಕೂಲ. ಟ್ರೇಯನ್ನು ಒಂದಿಂಚು ನೀರಿನಲ್ಲಿ ಹದಿನೈದು ನಿಮಿಷ ಇಟ್ಟು ಕೆಳಗಿನಿಂದ ಕುಡಿಸಿ ತೆಗೆಯಿರಿ. ಪುಟ್ಟ ಫ್ಯಾನನ್ನು ದಿನಕ್ಕೆರಡು ಗಂಟೆ ಹಾಕಿ. ಎರೆಗೊಬ್ಬರಕ್ಕೆ ಕೆ.ಜಿ.ಗೆ 10 ಗ್ರಾಂ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ಹತ್ತಿಕ್ಕುವ ಉಪಕಾರಿ ಶಿಲೀಂಧ್ರ) ಮೊದಲೇ ಬೆರೆಸಿಟ್ಟಿದ್ದರೆ ಅರ್ಧ ಕಾಟ ತಪ್ಪುತ್ತದೆ.

ಆಗಸ್ಟ್‌ನಲ್ಲಿ ಬಿಸಿಲು ಮರಳುವ ಹೊತ್ತಿಗೆ ಟೊಮೆಟೊಗೆ ಬೇಕಾದ ಕೋಕೋಪೀಟ್ (ಒತ್ತಿ ಇಟ್ಟಿಗೆ ಮಾಡಿದ ತೆಂಗಿನ ನಾರಿನ ಪುಡಿ) ಇಂದು ತೊಳೆದಾಯಿತು. 5 ಕೆ.ಜಿ. ಇಟ್ಟಿಗೆ 25 ಲೀಟರ್ ನೀರು ಹೀರಿ 60 ಲೀಟರಿಗಿಂತ ಹೆಚ್ಚಾಗುತ್ತದೆ. ನಾರು ಉಪ್ಪುನೀರಿನಲ್ಲಿ ಕೊಳೆತದ್ದಾದರೆ ಉಪ್ಪಿನಂಶ ಜಾಸ್ತಿ. ಗೋಣಿಚೀಲದಲ್ಲಿ ತುಂಬಿ, ಹಿಂಡಿದ ನೀರು ಕಡುಕಂದಿನಿಂದ ತಿಳಿ ಚಹದ ಬಣ್ಣಕ್ಕೆ ಬರುವವರೆಗೆ ತೊಳೆಯಬೇಕು. ಅಷ್ಟೇ ಸಾಲದು. ಅದರಲ್ಲಿ ಅಂಟಿಕೊಂಡಿರುವ ಸೋಡಿಯಂ, ಪೊಟ್ಯಾಷಿಯಂ ಜಾಗ ಬಿಟ್ಟುಕೊಟ್ಟು, ಮುಂದೆ ನಾವು ಕೊಡುವ ಕ್ಯಾಲ್ಸಿಯಂ ಅನ್ನು ಕೋಕೋಪೀಟೇ ಹಿಡಿದಿಟ್ಟುಕೊಳ್ಳುತ್ತದೆ. ಟೊಮೆಟೊ ಕಾಯಿಯ ತಳ ಕಪ್ಪಾಗಿ ಗುಳಿ ಬೀಳುವುದಕ್ಕೆ ಇದೂ ಒಂದು ಕಾರಣ. ಇಡೀ ಇಟ್ಟಿಗೆಗೆ 100 ಗ್ರಾಂ ಕ್ಯಾಲ್ಸಿಯಂ ನೈಟ್ರೇಟ್ ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ, ಮತ್ತೊಮ್ಮೆ ತೊಳೆದರೆ ಆಯಿತು.

12 ಇಂಚಿನ ಗ್ರೋ ಬ್ಯಾಗಿಗೆ ಸುಮಾರು 20 ಲೀಟರ್ ಮಿಶ್ರಣ ಬೇಕು: ಕೋಕೋಪೀಟ್ 8, ಎರೆಗೊಬ್ಬರ 8, ಕೆಮ್ಮಣ್ಣು 4 ಲೀಟರ್, ಜೊತೆಗೆ ಒಂದು ಹಿಡಿ ಬೇವಿನ ಹಿಂಡಿ. ಹಿಂಡಿ ಹಾಕಿದ ಮೇಲೆ ಎರಡು ವಾರ ತೇವವಾಗಿಟ್ಟು ಆಮೇಲೆ ನೆಡಿ. ತಾಜಾ ಹಿಂಡಿ ಕೊಳೆಯುವಾಗ ಎಳೆ ಬೇರಿಗೆ ಒಳ್ಳೆಯದಲ್ಲ.

ನೀರಿನ ವಿಷಯ. ಮೇಲಿನ ಮನೆಯ ಸ್ಲ್ಯಾಬಿನ ಕೆಳಗಿರುವ ಕುಂಡಕ್ಕೆ ಮಳೆ ತಾಕುವುದಿಲ್ಲ, ಆದರೆ ಗಾಳಿ ಒಣಗಿಸುತ್ತದೆ. ಆಷಾಢದಲ್ಲಂತೂ ಕೇಳುವುದೇ ಬೇಡ. ಕೋಕೋಪೀಟಿನ ಮೇಲ್ಪದರ ಒಣಗಿ ಕಂಡರೂ ಎರಡಿಂಚು ಕೆಳಗೆ ತೇವವಿರಬಹುದು, ಬೆರಳು ಇಳಿಸಿ ನೋಡಿಯೇ ಹಾಕಿ. 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಿದರೆ 5,000 ರೂಪಾಯಿ ದಂಡ ಎಂದ ಮೇಲೆ ಆರ್‌ಒ ಯಂತ್ರದ ತ್ಯಾಜ್ಯ ನೀರು ಹಾಕುವವರು ಹೆಚ್ಚಾದರು. ಬೋರ್‌ವೆಲ್ ನೀರಿನಿಂದ ಬಂದ ತ್ಯಾಜ್ಯದ ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಾಂಶ) 1,000 ದಾಟಿದರೆ ಎಲೆಯಂಚು ಸುಟ್ಟಂತಾಗುತ್ತದೆ, ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕೂರುತ್ತದೆ. ಮಳೆನೀರು ಸಮಪಾಲು ಬೆರೆಸಿ ಹಾಕಬಹುದು. ಅಕ್ಕಿ, ಬೇಳೆ ತೊಳೆದ ನೀರು ಅದಕ್ಕಿಂತ ಎಷ್ಟೋ ವಾಸಿ.

ಟೊಮೆಟೊ ಬೀಜ ಪ್ರೋಟ್ರೇಗೆ (ಗುಳಿಗಳಿರುವ ಸಸಿ ತಟ್ಟೆ) ಆಗಸ್ಟ್ 15ರ ಸುಮಾರಿಗೆ. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಎಲೆ ಮುಟುರು ನಂಜು, ದುಂಡಾಣು ಸೊರಗು, ಮುಂಚಿನ ಅಂಗಮಾರಿ (ಅರ್ಲಿ ಬ್ಲೈಟ್) ಮೂರನ್ನೂ ತಡೆಯುವ ಶಕ್ತಿ ಇದೆ. ಹೈಬ್ರಿಡ್ ಆದ್ದರಿಂದ ಹಣ್ಣಿನ ಬೀಜ ಎತ್ತಿಟ್ಟು ಪ್ರಯೋಜನವಿಲ್ಲ. ಸೆಪ್ಟೆಂಬರ್ ಮಧ್ಯಕ್ಕೆ ಸಸಿ ಬ್ಯಾಗಿಗೆ, ನವೆಂಬರ್ ಕೊನೆಯಿಂದ ಹಣ್ಣು. ಡಿಸೆಂಬರ್‌ನ ಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ 54 ಡಿಗ್ರಿಗೆ ಇಳಿದಿರುತ್ತಾನೆ. ನಾಲ್ಕಡಿ ಆಳ, ಒಂಬತ್ತಡಿ ಎತ್ತರದ ಬಾಲ್ಕನಿಯಲ್ಲಿ ಬಿಸಿಲು ಒಳಗೋಡೆಯ ಮೂರೂವರೆ ಅಡಿ ಎತ್ತರದವರೆಗೂ ಬೀಳುತ್ತದೆ. ಆದರೆ ಮೂರೂವರೆ ಅಡಿಯ ಗಟ್ಟಿ ಕಟ್ಟೆ ಇದ್ದರೆ ಅದರ ಬುಡದಿಂದ ಎರಡೂವರೆ ಅಡಿವರೆಗೆ ನೆಲವೆಲ್ಲ ನೆರಳು. ಬ್ಯಾಗುಗಳನ್ನು ಕಟ್ಟೆಗೆ ಒತ್ತಿ ಸಾಲಾಗಿ ಇಡುವುದು ನೋಡಲು ಚೆಂದ, ಬೆಳೆಗೆ ಕೆಟ್ಟದ್ದು. ಒಳಗೋಡೆಗೆ ಸರಿಸಿ, ಇಲ್ಲವೇ ಎರಡಡಿ ಸ್ಟ್ಯಾಂಡಿನ ಮೇಲೆ ಎತ್ತಿಡಿ. ಕೆಳಗೆ ತಟ್ಟೆ ಕಡ್ಡಾಯ, ಕೆಳಗಿನ ಮನೆಯವರ ಒಗೆದ ಬಟ್ಟೆಗೆ ಕೆಮ್ಮಣ್ಣಿನ ಕಲೆ ಬಿದ್ದರೆ ಸಂಘದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ವಾರ ಪೂರ್ತಿ ಅದೇ ಸುದ್ದಿ.