ನೀರು ಏರಿದೆ ಎಂದಷ್ಟೇ ಹೇಳಿದರೆ ಸಾಲದು

ಉಪಗ್ರಹಗಳು ಅಳೆದ ಸಮುದ್ರಮಟ್ಟದ ದತ್ತಾಂಶವನ್ನು ವಿಶ್ಲೇಷಿಸುವುದು ನನ್ನ ಕೆಲಸ. ತಂಡಕ್ಕೆ ಹೊಸದಾಗಿ ಸೇರಿದವರು ಅಲಾಸ್ಕಾದ ಉತ್ತರಕ್ಕಿರುವ, ಆರ್ಕ್ಟಿಕ್ ಸಾಗರದ ಭಾಗವಾದ ಬ್ಯೂಫೋರ್ಟ್ ಸಮುದ್ರದಲ್ಲಿ ನೀರು ಉಬ್ಬಿರುವುದನ್ನು ನೋಡಿದ ಕೂಡಲೇ, "ಮಂಜುಗಡ್ಡೆ ಕರಗಿದ್ದಕ್ಕೇ ಅಲ್ವಾ ಸರ್?" ಎನ್ನುತ್ತಾರೆ. ಆದರೆ ತೇಲುವ ಮಂಜುಗಡ್ಡೆ ತನ್ನ ತೂಕದಷ್ಟು ನೀರನ್ನು ಮೊದಲೇ ಸರಿಸಿರುತ್ತದೆ. ಅದು ಕರಗಿದರೆ ಮಟ್ಟ ಏರುವುದು ತೀರಾ ಅಲ್ಪ.

ಹಾಗಾದರೆ ಉಬ್ಬು ಎಲ್ಲಿಂದ ಬಂತು? ಮುಖ್ಯವಾಗಿ ಗಾಳಿಯಿಂದ. ಅಲ್ಲಿ ಪ್ರದಕ್ಷಿಣವಾಗಿ ಸುತ್ತುವ ಗಾಳಿ ಮೇಲ್ಪದರದ ನೀರನ್ನು ನಡುವಿಗೆ ತಳ್ಳುತ್ತದೆ. ಆ ನೀರಿನಲ್ಲಿ ಉಪ್ಪು ಕಡಿಮೆ. ಜಗತ್ತಿನ ಸಾಗರಗಳ ನೀರಿನಲ್ಲಿ ಸುಮಾರು ಶೇ. 1ರಷ್ಟೇ ಇರುವ ಆರ್ಕ್ಟಿಕ್‌ಗೆ ಓಬ್, ಯೆನಿಸೇ, ಲೀನಾ, ಮೆಕೆಂಜಿ ಮುಂತಾದ ನದಿಗಳ ಮೂಲಕ ಜಗತ್ತಿನ ನದಿನೀರಿನ ಸುಮಾರು ಶೇ. 10 ಬಂದು ಬೀಳುತ್ತದೆ. ಬೇರಿಂಗ್ ಜಲಸಂಧಿಯಿಂದ ಪೆಸಿಫಿಕ್ ನೀರೂ ಸೇರುತ್ತದೆ. ಇಷ್ಟು ತಣ್ಣನೆಯ ನೀರಿನ ಸಾಂದ್ರತೆಯನ್ನು ಉಷ್ಣತೆಗಿಂತ ಉಪ್ಪೇ ಹೆಚ್ಚು ನಿರ್ಧರಿಸುತ್ತದೆ. ಉಪ್ಪು ಕಡಿಮೆಯಾದರೆ ನೀರು ಹಗುರಾಗಿ, ಅಷ್ಟೇ ತೂಕಕ್ಕೆ ಹೆಚ್ಚು ಎತ್ತರ ನಿಲ್ಲುತ್ತದೆ.

ಅದಕ್ಕೇ ನಾವು ಎತ್ತರವೊಂದನ್ನೇ ನಂಬುವುದಿಲ್ಲ. 2010ರಲ್ಲಿ ಹಾರಿದ ಕ್ರಯೋಸ್ಯಾಟ್-2 ಉಪಗ್ರಹ, ಮಂಜುಗಡ್ಡೆಯ ಬಿರುಕುಗಳಲ್ಲಿ ಕಾಣುವ ನೀರಿನಿಂದ ಎತ್ತರ ಅಳೆಯುತ್ತದೆ. ಗ್ರೇಸ್ ಜೋಡಿ ಉಪಗ್ರಹಗಳು ಗುರುತ್ವದ ಏರಿಳಿತದಿಂದ ನೀರಿನ ತೂಕ ಹೇಳುತ್ತಿದ್ದವು. ಎತ್ತರದಿಂದ ತೂಕದ ಪಾಲು ಕಳೆದರೆ ಉಳಿಯುವುದು ಸಾಂದ್ರತೆಯ ಪಾಲು, ಅಂದರೆ ಅಲ್ಲಿ ಬಹುತೇಕ ಸಿಹಿನೀರಿನ ಲೆಕ್ಕ. 1995ರಿಂದ 2010ರವರೆಗೆ ಪಶ್ಚಿಮ ಆರ್ಕ್ಟಿಕ್‌ನಲ್ಲಿ ಸುಮಾರು 8000 ಘನ ಕಿ.ಮೀ. ಸಿಹಿನೀರು ಹೆಚ್ಚಿದ್ದನ್ನು ಸಂಶೋಧಕರು ಉಪಗ್ರಹಗಳ ಅಳತೆಗಳಿಂದ ಅಂದಾಜಿಸಿದರು.

ಗಾಳಿ ಸಡಿಲವಾದರೆ ಈ ನೀರು ಅಟ್ಲಾಂಟಿಕ್‌ಗೆ ಹರಿದೀತು ಎಂಬುದೇ ನನ್ನ ದೊಡ್ಡ ಆತಂಕ. 1960ರ ದಶಕದ ಕೊನೆಯಲ್ಲಿ ಗ್ರೀನ್‌ಲ್ಯಾಂಡ್‌ನ ಪೂರ್ವಕ್ಕಿರುವ ಫ್ರಾಮ್ ಜಲಸಂಧಿ ದಾಟಿ ಹೋದ ಸಿಹಿನೀರು, ಕೆನಡಾ ಮತ್ತು ಗ್ರೀನ್‌ಲ್ಯಾಂಡ್ ನಡುವಿನ ಲ್ಯಾಬ್ರಡಾರ್ ಸಮುದ್ರದಲ್ಲಿ ಚಳಿಗಾಲದಲ್ಲಿ ಮೇಲಿನ ನೀರು ಆಳಕ್ಕಿಳಿದು ಬೆರೆಯುವುದನ್ನೇ ತಡೆದಿತ್ತು.

ಗ್ರೀನ್‌ಲ್ಯಾಂಡ್ ಇನ್ನೂ ವಿಚಿತ್ರ. ನೆಲದ ಮೇಲಿನ ಹಿಮ ಕರಗಿ ಸಮುದ್ರ ಸೇರಿದರೆ ಲೋಕದ ಸಮುದ್ರಮಟ್ಟ ಏರುತ್ತದೆ, ಆದರೆ ಅದರ ಪಕ್ಕದಲ್ಲೇ ಇಳಿಯುತ್ತದೆ. ಹಿಮದ ಗುರುತ್ವ ಸೆಳೆತ ಕುಗ್ಗಿ, ಭಾರ ಇಳಿದ ನೆಲ ಮೇಲೇಳುವುದೇ ಕಾರಣ.

ಈಗ ನಮ್ಮಲ್ಲಿ ಎತ್ತರ, ತೂಕ, ಉಪ್ಪು ಈ ಮೂರೂ ನಕ್ಷೆಗಳು ಜೊತೆಗಿಲ್ಲದೆ ಯಾವ ವರದಿಯೂ ಹೊರಗೆ ಹೋಗುವುದಿಲ್ಲ. 2017ರ ಮಧ್ಯದಲ್ಲಿ ಗ್ರೇಸ್ ನಿಂತು, 2018ರಲ್ಲಿ ಅದರ ಉತ್ತರಾಧಿಕಾರಿ ಶುರುವಾಗುವವರೆಗಿನ ತಿಂಗಳುಗಳಿಗೆ ತೂಕದ ದತ್ತಾಂಶವಿಲ್ಲ. ಆ ಅವಧಿಯ ನಕ್ಷೆಗೆ, ಯಾರು ಎಷ್ಟೇ ಕೇಳಿದರೂ, ಕಾರಣದ ಕಾಲಂ ಖಾಲಿ ಬಿಡುತ್ತೇವೆ.